ಹಳೆಯ ಫೈಬರ್ ದೋಣಿ, ಬೋರ್ ಮಾಡಿಸಿದ ಎಂಜಿನ್: ಕೊಳ್ಳುವ ಮುಂಚೆ ಎಲ್ಲೆಲ್ಲಿ ಕೈ ಹಾಕಿ ನೋಡಬೇಕು?

ಪ್ರಶ್ನೆ: ನಾನು ಗಂಗೊಳ್ಳಿ ಕಡೆಯವನು. ಹತ್ತು ವರ್ಷ ಬೇರೆಯವರ ದೋಣಿಯಲ್ಲಿ ಕಲಾಸಿಯಾಗಿ ದುಡಿದೆ, ಈಗ ಸ್ವಂತಕ್ಕೊಂದು ದೋಣಿ ಮಾಡುವ ಯೋಚನೆ. ಭಟ್ಕಳದ ಹತ್ತಿರ 24 ಅಡಿಯ ಫೈಬರ್ ದೋಣಿಯೊಂದು ಮಾರಾಟಕ್ಕಿದೆ. ದೋಣಿಗೆ ಎಂಟು ವರ್ಷ, ಹಿಂದೆ ಹೊರಗಡೆ ತೂಗುಹಾಕುವ 9.9 ಎಚ್‌ಪಿಯ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್. ಬಲೆ, ಐಸ್ ಪೆಟ್ಟಿಗೆ ಎಲ್ಲ ಸೇರಿಸಿ ಒಂದೇ ರೇಟು ಹೇಳುತ್ತಿದ್ದಾರೆ. ಎಂಜಿನ್ ಹೋದ ವರ್ಷ ಬೋರ್ ಮಾಡಿಸಿದ್ದಂತೆ, ಅಂದರೆ ಸಿಲಿಂಡರ್ ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿಸಿದ್ದಂತೆ. ದೋಣಿಗೂ ಎಂಜಿನಿಗೂ ಹೊಸ ಬಣ್ಣ ಬಳಿದಿದ್ದಾರೆ. ನಾನು ಹೋದಾಗ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಇನ್ನೇನು ನೋಡಬೇಕು?

ಉತ್ತರ: ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು ಎಂದಿರಿ. ನೀವು ಹೋಗುವ ಮುಂಚೆ ಆ ಎಂಜಿನ್ ತಣ್ಣಗಿತ್ತೋ ಇಲ್ಲವೋ ಮುಟ್ಟಿ ನೋಡಿದ್ದಿರಾ? ಅರ್ಧ ಗಂಟೆ ಮೊದಲೇ ಓಡಿಸಿಟ್ಟ ಎಂಜಿನ್ ಸವೆದಿದ್ದರೂ ಒಂದೇ ಎಳೆತಕ್ಕೆ ಏಳಬಹುದು. ಇನ್ನೊಮ್ಮೆ ಹೋಗಿ. ಬೆಳಗ್ಗೆ ಬೇಗ ಹೋಗಿ, ಜೊತೆಗೆ ಒಬ್ಬ ಮೆಕ್ಯಾನಿಕ್ ಇರಲಿ. ಮಾರುವವರಿಗೆ ಹಿಂದಿನ ದಿನವೇ ಫೋನಿನಲ್ಲಿ ಹೇಳಿಬಿಡಿ: "ನಾನು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಗೇರ್ ಆಯಿಲ್ ಬದಲಿಸಬೇಡಿ." ಹೋದ ತಕ್ಷಣ ಮೊದಲ ಕೆಲಸ, ಮುಚ್ಚಳ ತೆಗೆದು ಸಿಲಿಂಡರ್ ಹೆಡ್ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ ಚಹಾ ಕುಡಿದು ಬನ್ನಿ, ತಣಿಯಲಿ.

ಒಟ್ಟು ರೇಟನ್ನು ಮನಸ್ಸಿನಿಂದ ತೆಗೆದುಹಾಕಿ. ನೀವು ಕೊಳ್ಳುತ್ತಿರುವುದು ಮೂರು ಬೇರೆ ಬೇರೆ ವಸ್ತು: ದೋಣಿಯ ಒಡಲು, ಎಂಜಿನ್, ಬಲೆ ಮತ್ತು ಸಾಮಾನು. ಮೂರಕ್ಕೂ ಬೇರೆ ಬೆಲೆ ಕಟ್ಟಿ. ಎಂಜಿನ್ ಕೆಟ್ಟರೆ ಬಿಚ್ಚಿ ಇನ್ನೊಂದು ಕೂರಿಸಬಹುದು. ಬಲೆ ಹೇಗಿದ್ದರೂ ಎರಡು ಮೂರು ವರ್ಷಕ್ಕೆ ಬದಲಾಗುವ ಸರಕು. ಒಡಲು, ಅದರಲ್ಲೂ ಎಂಜಿನ್ ಕೂರುವ ಹಿಂದಿನ ಗೋಡೆ ಹಾಳಾಗಿದ್ದರೆ ಮಾತ್ರ ದೋಣಿಯನ್ನು ಅರ್ಧ ಬಿಚ್ಚಿ ಕಟ್ಟಬೇಕಾಗುತ್ತದೆ. ಹಾಗಾಗಿ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ. ಅಲ್ಲೇ ಸೋತರೆ ಎಂಜಿನಿನ ಬೋಲ್ಟ್ ಬಿಚ್ಚುವ ಶ್ರಮವೂ ಬೇಡ.

ಹಿಂದಿನ ಗೋಡೆ

ದೋಣಿ ಕಟ್ಟುವವರು ಇದನ್ನು ಟ್ರಾನ್ಸಂ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಪೂರ್ತಿ ಫೈಬರ್. ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ, ಅದರ ಎರಡೂ ಬದಿಗೆ ಫೈಬರ್ ಹೊದಿಕೆ. ಸುಮಾರು 40 ಕಿಲೋ ತೂಕದ ಎಂಜಿನ್ ಇದರ ಮೇಲೆ ತೂಗಾಡುತ್ತದೆ. ನೀರೊಳಗಿನ ಫ್ಯಾನ್ (ಪ್ರೊಪೆಲ್ಲರ್) ದೋಣಿಯನ್ನು ಮುಂದಕ್ಕೆ ನೂಕುವ ಬಲವೆಲ್ಲ ಈ ಗೋಡೆಯ ಮೂಲಕವೇ ಒಡಲಿಗೆ ಹೋಗುವುದು. ಪ್ರತಿ ಅಲೆಗೂ ಎಂಜಿನಿನ ಉದ್ದನೆಯ ಕಾಲು ಸನ್ನೆಗೋಲಿನಂತೆ ಗೋಡೆಯನ್ನು ಹಿಂದೆ ಮುಂದೆ ಎಳೆಯುತ್ತದೆ. ಬೋಲ್ಟಿನ ತೂತು, ನೀರು ಬಿಡುವ ಬಿರಡೆಯ ತೂತು, ಮೇಲಂಚು, ಈ ಮೂರು ಕಡೆಯಿಂದ ಉಪ್ಪುನೀರು ಒಳಗಿನ ಪ್ಲೈವುಡ್ಡಿಗೆ ಇಳಿಯುತ್ತದೆ. ಇಳಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಮರ ಒಳಗೊಳಗೇ ಕೊಳೆಯುತ್ತದೆ, ಹೊರಗಿನ ಫೈಬರ್ ಮಾತ್ರ ಹೊಳೆಯುತ್ತಿರುತ್ತದೆ.

ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಗೋಡೆಯನ್ನು ಎರಡೆರಡು ಇಂಚಿಗೆ ಒಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿಯಿರುವಲ್ಲಿ ಟಕ್ ಟಕ್ ಎಂದು ಚುರುಕಾದ ಸದ್ದು. ಕೊಳೆತಲ್ಲಿ ಅಥವಾ ಪದರ ಬಿಟ್ಟಲ್ಲಿ ನೆನೆದ ಹಲಗೆಗೆ ಬಡಿದಂತೆ ದಬ್ ಎನ್ನುತ್ತದೆ. ಸದ್ದು ಬದಲಾದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಬೋಲ್ಟಿನ ಸುತ್ತ ಅಂಗೈಯಗಲ ಮಾತ್ರ ದಬ್ ಎಂದರೆ ಅದೊಂದು ರೀತಿ. ಗೆರೆಗಳು ಬಿರಡೆಯ ತೂತಿನಿಂದ ಮೇಲಂಚಿನವರೆಗೆ ಕೂಡಿಕೊಂಡರೆ ಗೋಡೆ ಮುಗಿದಿದೆ ಎಂದೇ ಅರ್ಥ.

ಆಮೇಲೆ ಎಂಜಿನನ್ನು ಮೇಲಕ್ಕೆ ವಾಲಿಸಿ ಲಾಕ್ ಮಾಡಿ, ಫ್ಯಾನಿನ ಹತ್ತಿರ ಕಾಲನ್ನು ಹಿಡಿದು ಮೈಭಾರ ಹಾಕಿ ಮೇಲೆ ಕೆಳಗೆ ಅಲುಗಿಸಿ. ಜೊತೆಯವರು ಆ ಹೊತ್ತಿಗೆ ಗೋಡೆಯ ಮೇಲಂಚಿನ ಮೇಲೆ ಕಣ್ಣಿಟ್ಟಿರಲಿ. ಗೋಡೆ ಎಂಜಿನಿನ ಜೊತೆ ಬಾಗುವುದು ಕಣ್ಣಿಗೆ ಕಂಡರೆ, ಅಥವಾ ಗೋಡೆ ಮತ್ತು ಪಕ್ಕದ ಮೈ ಕೂಡುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಾಯಿ ತೆರೆದು ಮುಚ್ಚಿದರೆ, ಆ ದೋಣಿ ನಿಮಗೆ ಬೇಡ. ಹೊಸ ಬಣ್ಣ ಮೊದಲು ಒಡೆಯುವುದೂ ಇದೇ ಮೂಲೆಯಲ್ಲಿ.

ಇನ್ನೂ ಅನುಮಾನವಿದ್ದರೆ ಮಾರುವವರ ಒಪ್ಪಿಗೆ ಪಡೆದು ಎಂಜಿನಿನ ಕೆಳಗಿನ ಒಂದು ಬೋಲ್ಟ್ ಹೊರಗೆ ತೆಗೆಸಿ. ತೂತಿನಿಂದ ಕಂದು ನೀರು ಒಸರಿದರೆ ಬೇರೆ ಸಾಕ್ಷಿ ಬೇಡ. ಒಣಗಿದಂತೆ ಕಂಡರೆ ತೂತಿನ ಒಳಮೈಯನ್ನು ಚೂಪಾದ ಮೊಳೆಯಿಂದ ಕೆರೆದು ನೋಡಿ. ಬರುವ ಹೊಟ್ಟು ತಿಳಿಬಣ್ಣದಲ್ಲಿ ಪುಡಿಪುಡಿಯಾಗಿರಬೇಕು, ಕಪ್ಪಗೆ ಬೆರಳಿಗೆ ಅಂಟಬಾರದು. ಬೋಲ್ಟನ್ನು ಮತ್ತೆ ಕೂರಿಸುವಾಗ ಪಾಲಿಯುರೆಥೇನ್ ಸೀಲಂಟ್ ಹಾಕಿಸಿ. ಸಿಲಿಕೋನ್ ಅಲ್ಲಿ ಬಾಳಿಕೆ ಬರುವುದಿಲ್ಲ.

"ಅದೇನು ದೊಡ್ಡ ವಿಷಯ, ಹೊರಗಿನಿಂದ ಎರಡು ಪದರ ಫೈಬರ್ ಮ್ಯಾಟ್ ಹಾಕಿಸಿ ಕೊಡ್ತೇನೆ" ಎಂದು ಮಾರುವವರು ಹೇಳಬಹುದು. ಒಪ್ಪಬೇಡಿ. ಒದ್ದೆ ಮರಕ್ಕೆ ರೆಸಿನ್, ಅಂದರೆ ಫೈಬರಿನ ಅಂಟು, ಹಿಡಿಯುವುದಿಲ್ಲ, ಒಳಗಿನ ಕೊಳೆತ ಹಾಗೇ ಮುಂದುವರಿಯುತ್ತದೆ. ಸರಿಯಾದ ರಿಪೇರಿ ಎಂದರೆ ಒಳಗಿನ ಹೊದಿಕೆ ಕತ್ತರಿಸಿ, ಕೊಳೆತ ಪ್ಲೈವುಡ್ ಪೂರ್ತಿ ತೆಗೆದು, ಒಣಗಿಸಿ, ಮರೈನ್ ಪ್ಲೈವುಡ್ ಕೂರಿಸಿ, ಮತ್ತೆ ಪದರ ಪದರವಾಗಿ ಫೈಬರ್ ಕಟ್ಟುವುದು. ಮಳೆಗಾಲದಲ್ಲಿ ಈ ಕೆಲಸ ಆಗದು. ಇದರ ಖರ್ಚನ್ನು ದೋಣಿ ಕಟ್ಟುವವರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಚೌಕಾಸಿಗೆ ಕೂತಾಗ ನಿಮ್ಮ ಕೈಯಲ್ಲಿ ಒಂದು ಅಂಕಿ ಇರುತ್ತದೆ.

ಗೋಡೆ ನೋಡುವಾಗಲೇ ಅದರ ಎತ್ತರವನ್ನೂ ಅಳೆಯಿರಿ. ಎಂಜಿನ್ ಗಿಡ್ಡ ಕಾಲಿನ ಶಾರ್ಟ್ ಶಾಫ್ಟ್ ಆಗಿದ್ದರೆ ಗೋಡೆ ಸುಮಾರು 15 ಇಂಚು, ಉದ್ದ ಕಾಲಿನ ಲಾಂಗ್ ಶಾಫ್ಟ್ ಆಗಿದ್ದರೆ ಸುಮಾರು 20 ಇಂಚು ಇರಬೇಕು. ಫ್ಯಾನಿನ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಸರಿಯಾಗಿ ಅಥವಾ ಒಂದು ಇಂಚಿನಷ್ಟು ಕೆಳಗೆ ಬರಬೇಕು. ತಟ್ಟೆ ಮೇಲಿದ್ದರೆ ತಿರುವಿನಲ್ಲಿ, ಅಲೆಯ ನೆತ್ತಿಯಲ್ಲಿ ಫ್ಯಾನ್ ಗಾಳಿ ಹಿಡಿದು ಎಂಜಿನ್ ಒಮ್ಮೆಲೇ ಕಿರುಚುತ್ತದೆ. ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ಹಾಗಾದರೆ ದೋಣಿ ಅಡ್ಡ ತಿರುಗುತ್ತದೆ. ತೀರಾ ಕೆಳಗಿದ್ದರೆ ಎಣ್ಣೆ ಸುಮ್ಮನೆ ಸುರಿದಂತೆ.

ಒಡಲು

ಮರಳಿನ ಮೇಲೆ ಎಳೆದು ಹಾಕುವ ದೋಣಿಯ ಸವೆತ ಮೂತಿಯ ಕೆಳಗೆ, ತಳದ ನಡುವಿನ ಉದ್ದನೆಯ ಏಣಾದ ಕೀಲಿನ ಉದ್ದಕ್ಕೆ ಮತ್ತು ಹಿಂದಿನ ಎರಡು ಮೂಲೆಗಳಲ್ಲಿ ಇರುತ್ತದೆ. ದೋಣಿಯನ್ನು ಒಂದು ಬದಿಗೆ ವಾಲಿಸಿ ಕೆಳಗೆ ಕೈಯಾಡಿಸಿ. ಬಿಳಿ ಎಳೆಗಳು ಬೆರಳಿಗೆ ತಗುಲಿದರೆ ಹೊರಪದರ ಹೋಗಿ ಫೈಬರ್ ಮ್ಯಾಟ್ ತೆರೆದುಕೊಂಡಿದೆ, ಬತ್ತಿ ಎಣ್ಣೆ ಹೀರಿದಂತೆ ಅದು ನೀರು ಹೀರುತ್ತದೆ. ಸಣ್ಣ ಜಾಗವಾದರೆ ಭಯವಿಲ್ಲ, ಉಜ್ಜಿ, ಒಣಗಿಸಿ, ಮೂರು ಪದರ ಹಾಕಿದರೆ ಮುಗಿಯಿತು. ಕೀಲಿನ ಉದ್ದಕ್ಕೂ ಹಾಗಿದ್ದರೆ ಬೆಲೆ ಇಳಿಯಬೇಕು.

ಹೊಸ ಬಣ್ಣದ ಬಗ್ಗೆ ಹೇಳುವುದಾದರೆ, ಮಾರುವ ಮುಂಚೆ ದೋಣಿಗೆ ಬಣ್ಣ ಬಳಿಯುವುದು ತಪ್ಪಲ್ಲ, ಮದುವೆ ಮನೆಗೂ ಸುಣ್ಣ ಬಳಿಯುತ್ತಾರೆ. ಆದರೆ ದೋಣಿಯ ಒಳಗಡೆಗೂ, ಸೀಟಿನ ಅಡಿಗೂ, ಯಾರೂ ನೋಡದ ಮೂಲೆಗೂ ದಪ್ಪಗೆ ಬಣ್ಣ ಬಿದ್ದಿದ್ದರೆ ಅಲ್ಲಿ ಏನನ್ನೋ ಮುಚ್ಚಿದ್ದಾರೆ. ಬಿಸಿಲು ಓರೆಯಾಗಿರುವ ಬೆಳಗಿನ ಹೊತ್ತು ಮೂತಿಯ ಕಡೆ ಕೂತು ದೋಣಿಯ ಮೈಯುದ್ದಕ್ಕೆ ಕಣ್ಣು ಹಾಯಿಸಿ. ತೇಪೆ ಹಾಕಿದ ಕಡೆ ಹೊಳಪು ಅಲೆಯಲೆಯಾಗಿ ಮುರಿಯುತ್ತದೆ. ತೇಪೆ ಇರುವುದೇ ದೋಷವಲ್ಲ. ಒಳಗೂ ಹೊರಗೂ ಹಾಕಿದ್ದಾರೆಯೇ, ಅಂಚು ನಿಧಾನಕ್ಕೆ ಇಳಿಜಾರಾಗಿ ಮೈಗೆ ಕೂಡಿಕೊಂಡಿದೆಯೇ ಎಂಬುದು ಮುಖ್ಯ. ಒಳ್ಳೆಯ ತೇಪೆಯ ಇಳಿಜಾರು ಫೈಬರಿನ ದಪ್ಪದ ಹತ್ತು ಹನ್ನೆರಡು ಪಟ್ಟು ಅಗಲ ಇರುತ್ತದೆ. ತೂತಿಗೆ ಕಾರಿನ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದದ್ದಾದರೆ ಉಗುರಿನಿಂದ ಒತ್ತಿದಾಗ ಮೆತ್ತಗೆ ಸಿಗಬಹುದು. ಆ ಪುಟ್ಟಿ ನೀರು ಕುಡಿಯುತ್ತದೆ.

ಬಿರುಕುಗಳಲ್ಲಿ ಎರಡು ಜಾತಿ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದು ಎಲ್ಲೋ ಬಡಿಸಿಕೊಂಡ ಗುರುತು. ಒಳಗಿನ ಅಡ್ಡಪಟ್ಟಿ, ಉದ್ದಪಟ್ಟಿಗಳ ಗುಂಟ ಸಾಲಾಗಿ ಬಂದ ಗೆರೆಗಳು ಒಡಲು ಪ್ರತಿ ಅಲೆಗೂ ಬಾಗುತ್ತಿದೆ ಎನ್ನುತ್ತವೆ. ಎರಡನೆಯದು ಕೆಟ್ಟದ್ದು. ಬಿರುಕು ಎಷ್ಟು ಆಳವೆಂದು ತಿಳಿಯಲು ಅದರ ಮೇಲೆ ಶಾಯಿ ಬಳಿದು ಒರೆಸಿ, ಮರಳುಕಾಗದದಿಂದ ಸ್ವಲ್ಪ ಉಜ್ಜಿ. ಗೆರೆ ಅಳಿಸಿಹೋದರೆ ಮೇಲ್ಪದರದ್ದು. ಉಜ್ಜಿದಷ್ಟೂ ಕಪ್ಪು ಕೆಳಗಿಳಿದರೆ ಫೈಬರೇ ಸೀಳಿದೆ. ಗೆರೆ ಕಂಡಲ್ಲಿ ಒಳಗಡೆಯಿಂದ ಆ ಪಟ್ಟಿಯ ಬುಡಕ್ಕೆ ತೆಳು ಚಾಕು ತೂರಿಸಿ ನೋಡಿ. ಚಾಕು ಒಳಗೆ ಹೋದರೆ ಪಟ್ಟಿ ಒಡಲಿನಿಂದ ಬಿಟ್ಟುಕೊಂಡಿದೆ.

ಸದಾ ನೀರಿನಲ್ಲೇ ಕಟ್ಟಿ ಹಾಕುವ ದೋಣಿಯಾಗಿದ್ದರೆ ನೀರಿನ ಮಟ್ಟದ ಕೆಳಗೆ ಗುಳ್ಳೆಗಳಿವೆಯೇ ನೋಡಿ. ಸೂಜಿಯಿಂದ ಒಡೆದಾಗ ವಿನೆಗರಿನ ವಾಸನೆಯ ನೀರು ಬಂದರೆ ಒಳಗಿನ ರೆಸಿನ್ ಕೆಡುತ್ತಿದೆ. ಅಲ್ಲೊಂದು ಇಲ್ಲೊಂದು ಇದ್ದರೆ ತೊಂದರೆಯಿಲ್ಲ, ಸಿಡುಬಿನಂತೆ ತುಂಬಿದ್ದರೆ ಆ ದೋಣಿಯನ್ನೇ ಬಿಡಿ.

ಮೂತಿಯ ತುದಿಯಿಂದ ಹಿಂದಿನ ಎರಡೂ ಮೂಲೆಗೆ ಟೇಪ್ ಹಿಡಿದು ಅಳೆಯಿರಿ. ಎರಡು ಅಳತೆಗೂ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಡಲು ತಿರುಚಿದೆ, ಓಡುವಾಗ ಒಂದು ಕಡೆಗೆ ಎಳೆಯುತ್ತದೆ. ತಳದ ಹಿಂಭಾಗಕ್ಕೆ ಎರಡು ಮೀಟರ್ ಉದ್ದದ ನೇರ ಪಟ್ಟಿ ಹಿಡಿದಾಗ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಗ್ಗಿದೆ. ಅಂಥ ದೋಣಿ ಮೂತಿ ತಗ್ಗಿಸಿ ನೀರು ಉಳುತ್ತಾ ಹೋಗುತ್ತದೆ. ಎಂಜಿನಿನಲ್ಲಿ ಏನು ಮಾಡಿದರೂ ಅದು ಸರಿಹೋಗದು.

ಸೀಟಿನ ಅಡಿಯಲ್ಲೂ ಮೂತಿಯಲ್ಲೂ ಮುಚ್ಚಿದ ಪೆಟ್ಟಿಗೆಗಳಿರುತ್ತವೆ, ದೋಣಿ ಮಗುಚಿದಾಗ ಮುಳುಗದಂತೆ ತೇಲಿಸುವುದು ಅವೇ. ಬಿರಡೆ ಬಿಚ್ಚಿ ನೋಡಿ, ನೀರು ಸುರಿದರೆ ಎಲ್ಲಿಂದ ಬಂತೆಂದು ಹುಡುಕಿಸಿ. ಒಳಗೆ ಫೋಮ್ ತುಂಬಿದ್ದರೆ ಅದು ನೀರು ಕುಡಿದು ಭಾರವಾಗಿರಬಹುದು. ಇದೇ ಅಳತೆಯ ದೋಣಿಯನ್ನು ಎಷ್ಟು ಜನ ಎಳೆದು ಹಾಕುತ್ತಾರೆಂದು ನಿಮಗೆ ಗೊತ್ತೇ ಇದೆ. ಇದಕ್ಕೆ ಇಬ್ಬರು ಹೆಚ್ಚಿಗೆ ಬೇಕಾದರೆ ಆ ಹೆಚ್ಚಿನ ತೂಕ ನೀರಿನದ್ದೇ.

ಸೋರಿಕೆ ಕಂಡುಹಿಡಿಯಲು ದಡದಲ್ಲೇ ಒಂದು ಉಪಾಯವಿದೆ. ದೋಣಿಯ ಅಡಿಗೆ ಮರಳು ಸರಿಯಾಗಿ ಒತ್ತಾಸೆ ಕೊಟ್ಟು, ಒಳಗೆ ನಾಲ್ಕೈದು ಇಂಚು ನೀರು ತುಂಬಿ ಒಂದು ಗಂಟೆ ಬಿಡಿ. ಹೊರಗೆ ಒದ್ದೆಯಾದ ಜಾಗವೆಲ್ಲ ಸೋರುವ ಜಾಗ. ಅದಕ್ಕಿಂತ ಹೆಚ್ಚು ತುಂಬಬೇಡಿ, ಒಂದು ಘನ ಮೀಟರ್ ನೀರಿಗೆ ಒಂದು ಟನ್ ತೂಕ, ಒಡಲೇ ಬಿರಿದೀತು.

ತಣ್ಣಗಿನ ಎಂಜಿನ್

ಮೊದಲು ನಂಬರ್. ಹಿಡಿಕೆಯ ಬ್ರಾಕೆಟ್ಟಿನ ಮೇಲಿನ ತಗಡಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುತ್ತದೆ. ಬಿಲ್ಲಿನಲ್ಲೂ ದಾಖಲೆಯಲ್ಲೂ ಅದೇ ಇರಬೇಕು. ಮುಚ್ಚಳದ ಮೇಲಿನ 9.9 ಎಂಬ ಸ್ಟಿಕ್ಕರನ್ನು ನೆಚ್ಚಿಕೊಳ್ಳಬೇಡಿ. ಹಲವು ಕಂಪನಿಗಳಲ್ಲಿ 9.9 ಮತ್ತು 15 ಎಚ್‌ಪಿ ಎಂಜಿನ್‌ಗಳ ಬ್ಲಾಕ್ ಒಂದೇ, ಮುಚ್ಚಳ ಅದಲುಬದಲು ಮಾಡಿದರೆ ಹೊರಗಿನಿಂದ ಗೊತ್ತಾಗದು. ನಮ್ಮ ಕರಾವಳಿಯಲ್ಲಿ ಇದು ಬರೀ ಲೆಕ್ಕದ ಮಾತಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ನಿಷೇಧದಲ್ಲಿ ಎಂಜಿನಿರುವ ದೋಣಿಗಳಲ್ಲಿ 10 ಎಚ್‌ಪಿವರೆಗಿನ ನಾಡದೋಣಿಗೆ ಮಾತ್ರ ಕಡಲಿಗಿಳಿಯಲು ಬಿಡುತ್ತಾರೆ.

ಮುಳುಗಿದ ಎಂಜಿನೇ ಎಂಬುದು ಎರಡನೆಯ ಪ್ರಶ್ನೆ. ಅಳಿವೆಯಲ್ಲಿ ದೋಣಿ ಮಗುಚುವುದು ಇಲ್ಲಿ ಅಪರೂಪವಲ್ಲ. ಉಪ್ಪುನೀರಿನಲ್ಲಿ ಮುಳುಗಿದ ಎಂಜಿನನ್ನು ಕೆಲವೇ ಗಂಟೆಯೊಳಗೆ ಸಿಹಿನೀರಿನಲ್ಲಿ ತೊಳೆದು, ಸಿಲಿಂಡರಿಗೆ ಎಣ್ಣೆ ಹಾಕಿ, ಓಡಿಸಿ ಒಣಗಿಸದಿದ್ದರೆ ಕ್ರ್ಯಾಂಕಿನ ಬೇರಿಂಗ್ ತುಕ್ಕು ಹಿಡಿಯುತ್ತದೆ. ಫ್ಲೈವೀಲಿನ ಅಡಿಯಲ್ಲಿ ಬಿಳಿ ಪುಡಿ, ವೈರುಗಳ ಸಂದಿಯಲ್ಲಿ ಸಣ್ಣ ಮರಳು, ಮುಚ್ಚಳದ ಒಳಮೈಯಲ್ಲಿ ಕೆಸರಿನ ಗೆರೆ ಇದ್ದರೆ ಅನುಮಾನಿಸಿ. ಪ್ಲಗ್‌ಗಳನ್ನು ತೆಗೆದು ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ, ಕಿವಿ ಹತ್ತಿರವಿರಲಿ. ಗರಗರ ಸದ್ದು, ಎಲ್ಲೋ ಒಂದು ಕಡೆ ಹಿಡಿದು ಬಿಟ್ಟಂತಾಗುವುದು, ಫ್ಲೈವೀಲನ್ನು ಪಕ್ಕಕ್ಕೆ ಅಲುಗಿಸಿದಾಗ ಆಟ ಇರುವುದು, ಇವೆಲ್ಲ ಬೇರಿಂಗಿನ ದೂರುಗಳು.

ತೆಗೆದ ಪ್ಲಗ್‌ಗಳನ್ನು ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ಪಕ್ಕಪಕ್ಕ ಇಡಿ. ಸೀಮೆಎಣ್ಣೆ ಎಂಜಿನಿನ ಪ್ಲಗ್ ಸ್ವಲ್ಪ ಕಪ್ಪಗೆ, ಎಣ್ಣೆಜಿಡ್ಡಾಗಿರುವುದು ಸಹಜ, ಆದರೆ ಎರಡೂ ಒಂದೇ ಥರ ಇರಬೇಕು. ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ನೀರು ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಬೆಳ್ಳಗೆ ಸುಟ್ಟು, ಮೇಲೆ ಸಣ್ಣ ಅಲ್ಯೂಮಿನಿಯಂ ಕಾಳು ಅಂಟಿದ್ದರೆ ಪಿಸ್ಟನ್ ಕರಗಲು ಶುರುವಾಗಿದೆ.

ಪ್ಲಗ್ ಹೊರಗಿರುವಾಗಲೇ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ, ಗೇಜ್ ಹಾಕಿ ನೋಡಿಸಿ. ಎರಡೂ ಪ್ಲಗ್ ತೆಗೆದು, ಪ್ಲಗ್ ವೈರುಗಳನ್ನು ಬ್ಲಾಕಿಗೆ ತಾಗಿಸಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಗೇಜಿನ ಮುಳ್ಳು ಮೇಲೇರುವುದು ನಿಲ್ಲುವ ತನಕ ನಾಲ್ಕೈದು ಸಲ ಹಗ್ಗ ಎಳೆಯಬೇಕು. ಅರ್ಧ ತಿರುಗಿಸಿ ಎಳೆದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಸೀಮೆಎಣ್ಣೆಯ ಆಕ್ಟೇನ್ ಕಡಿಮೆಯಾದ್ದರಿಂದ ಬಡಿತ ಬಾರದಿರಲೆಂದು ಈ ಎಂಜಿನ್‌ಗಳನ್ನು ಕಡಿಮೆ ಕಂಪ್ರೆಶನ್ನಿಗೇ ಕಟ್ಟಿರುತ್ತಾರೆ. ಪೆಟ್ರೋಲ್ ಎಂಜಿನಿನ ಅಂಕಿಗೆ ಹೋಲಿಸಿ ಗಾಬರಿಯಾಗಬೇಡಿ. ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ನೋಡಿ, ನೂರಕ್ಕೆ ಹತ್ತು ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಎಳೆಯಿರಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ. ಸೀಮೆಎಣ್ಣೆಯ ಮಸಿ ಕಟ್ಟಿ ರಿಂಗ್ ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಂಡಿರುವುದೂ ಸಾಮಾನ್ಯ. ಅದು ಬಿಚ್ಚಿ ಸ್ವಚ್ಛಗೊಳಿಸಿದರೆ ಸರಿಯಾಗುವ ಕೆಲಸ.

ಬೋರ್ ಮಾಡಿಸಿದ್ದಾರೆ ಎಂಬುದು ಒಳ್ಳೆಯ ಸುದ್ದಿಯೂ ಹೌದು, ಪ್ರಶ್ನೆಯೂ ಹೌದು. ಏಕೆ ಮಾಡಿಸಬೇಕಾಯಿತು? ಸಹಜ ಸವೆತವೇ, ನೀರು ಸಿಗದೆ ಬಿಸಿಯಾಗಿ ಹಿಡಿದುಕೊಂಡದ್ದೇ? ಬಿಸಿಯಾಗಿ ಹಿಡಿದದ್ದಾದರೆ ಆ ಕಾರಣವನ್ನು ಸರಿಪಡಿಸಿದರೋ, ಬರೀ ಪಿಸ್ಟನ್ ಬದಲಿಸಿ ಬಿಟ್ಟರೋ? ಎರಡೂ ಸಿಲಿಂಡರ್ ಮಾಡಿಸಿದರೋ ಒಂದೋ? ಬಿಲ್ ಕೇಳಿ. ಪಿಸ್ಟನ್ ಓವರ್‌ಸೈಜ್ 0.25 ಮಿಲಿಮೀಟರ್ ಎಂದಿದ್ದರೆ ಮುಂದೆ ಇನ್ನೊಮ್ಮೆ ಬೋರ್ ಮಾಡಲು ಜಾಗವಿದೆ. 0.50 ಆಗಿಹೋಗಿದ್ದರೆ ಹೆಚ್ಚಿನ ಎಂಜಿನ್‌ಗಳಿಗೆ ಅದೇ ಕೊನೆ, ಮುಂದಿನ ಸಲ ಬ್ಲಾಕನ್ನೇ ಬದಲಿಸಬೇಕು.

ಗೇರ್ ಮತ್ತು ಫ್ಯಾನ್

ಬಲೆಯ ದೋಣಿಯಲ್ಲಿ ಎಂಜಿನಿಗಿಂತ ಮೊದಲು ಸಾಯುವುದು ಗೇರು. ಕಾರಣ ನಿಮ್ಮ ಬಲೆಯೇ. ಫ್ಯಾನಿಗೆ ಸಿಕ್ಕ ನೈಲಾನ್ ದಾರ ಸುತ್ತಿಕೊಂಡು ಹಿಂದಕ್ಕೆ ಸರಿದು, ಶಾಫ್ಟಿನ ಆಯಿಲ್ ಸೀಲನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಅಲ್ಲಿಂದ ಆಯಿಲ್ ಹೊರಗೆ, ಉಪ್ಪುನೀರು ಒಳಗೆ.

ಎಂಜಿನನ್ನು ರಾತ್ರಿಯಿಡೀ ನೇರವಾಗಿ ನಿಲ್ಲಿಸಿಟ್ಟು, ಬೆಳಗ್ಗೆ ಗೇರ್ ಬಾಕ್ಸಿನ ಮೇಲಿನ ಸ್ಕ್ರೂ ಬಿಚ್ಚದೆ ಕೆಳಗಿನದನ್ನಷ್ಟೇ ನಿಧಾನ ಸಡಿಲಿಸಿ. ಮೊದಲ ಕೆಲವು ಹನಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ಬೀಳುತ್ತದೆ. ಹಾಲು ಬೆರೆಸಿದ ಚಹಾದಂತಿದ್ದರೆ ಸೀಲ್ ಹೋಗಿ ಬಹಳ ದಿನವಾಗಿದೆ. ಸ್ಕ್ರೂವಿನ ತುದಿಗೆ ಬೂದಿಬಣ್ಣದ ನುಣ್ಣನೆ ಲೇಪ ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚಕ್ಕೆ ಸಿಕ್ಕರೆ ಹಲ್ಲು ಉದುರುತ್ತಿದೆ. ಆಯಿಲ್ ಹೊಚ್ಚಹೊಸದಾಗಿದ್ದರೆ ಸಂತೋಷಪಡಬೇಡಿ. ಕಡಲಿನ ಪರೀಕ್ಷೆ ಮುಗಿಸಿ ಬಂದ ಮೇಲೆ ಅದೇ ಸ್ಕ್ರೂವನ್ನು ಮತ್ತೊಮ್ಮೆ ಸಡಿಲಿಸಿ ನೋಡಿ.

ಆಮೇಲೆ ಫ್ಯಾನ್ ಬಿಚ್ಚಿಸಿ. ಪಿನ್ ತೆಗೆದು ನಟ್ ಬಿಚ್ಚುವುದು ಐದು ನಿಮಿಷದ ಕೆಲಸ. ಬರದೇ ಶಾಫ್ಟಿಗೆ ಕಚ್ಚಿಕೊಂಡಿದ್ದರೆ ವರ್ಷಗಳಿಂದ ಯಾರೂ ಗ್ರೀಸ್ ಹಾಕಿಲ್ಲ. ವಾಷರಿನ ಹಿಂದೆ ದಾರದ ಉಂಡೆ ಇದ್ದರೆ ಸೀಲ್ ಬದಲಿಸುವ ಖರ್ಚು ಬರೆದುಕೊಳ್ಳಿ. ಶಾಫ್ಟಿನ ತುದಿಗೆ ಪೆನ್ಸಿಲ್ ಮೊನೆ ಹಿಡಿದು ಶಾಫ್ಟನ್ನು ತಿರುಗಿಸಿ. ಮೊನೆಗೂ ಶಾಫ್ಟಿಗೂ ನಡುವಿನ ಸಂದು ದೊಡ್ಡದು ಚಿಕ್ಕದಾದರೆ ಶಾಫ್ಟ್ ಬಗ್ಗಿದೆ. ಹೊಸ ಸೀಲ್ ಹಾಕಿದರೂ ಅದು ಒಂದು ತಿಂಗಳು ಬಾಳದು. ಅಳಿವೆಯ ಮರಳದಿಬ್ಬಕ್ಕೆ ತಾಗಿದ ಎಂಜಿನಿನಲ್ಲಿ ಫ್ಯಾನಿನ ಕೆಳಗೆ ಚಾಚಿರುವ ಲೋಹದ ಅಲಗು ತುಂಡಾಗಿರುತ್ತದೆ ಅಥವಾ ವೆಲ್ಡ್ ಆಗಿರುತ್ತದೆ. ಅಲಗು ಹೋದರೆ ಹೋಗಲಿ, ಆ ಹೊಡೆತಕ್ಕೆ ಮೇಲಿನ ಗೇರ್ ಬಾಕ್ಸಿನ ಮೈ ಸೀಳಿಲ್ಲವಲ್ಲ ಎಂದು ನೋಡಿ.

ಫ್ಯಾನ್ ಮತ್ತೆ ಹಾಕುವಾಗ ಶಾಫ್ಟಿಗೆ ಕೂರುವ ಒಳಗಿನ ಗುಂಬಕ್ಕೂ ಹೊರಗಿನ ಫ್ಯಾನಿಗೂ ಸೇರಿಸಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದಿಡಿ. ನಡುವಿನ ರಬ್ಬರ್ ಜಾರುತ್ತಿದ್ದರೆ ಕಡಲಿನಿಂದ ಬಂದಾಗ ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಇರುತ್ತದೆ. ಎಂಜಿನ್ ಜೋರಾಗಿ ಕೂಗಿದರೂ ದೋಣಿ ಹೋಗುವುದಿಲ್ಲ ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ಈ ರಬ್ಬರಿನದ್ದೇ.

ಎಂಜಿನಿನ ಮೈ ಬದಲು ತಾನು ಸವೆಯಲೆಂದು ಕೂರಿಸಿದ ಝಿಂಕ್ ಗಟ್ಟಿಯನ್ನೂ ಒಮ್ಮೆ ನೋಡಿ. ಅರ್ಧ ಸವೆದಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಅದರ ಮೇಲೂ ಬಣ್ಣ ಬಳಿದಿದ್ದರೆ ಇದ್ದೂ ಇಲ್ಲದಂತೆ.

ನೀರು, ಎಣ್ಣೆ

ಎಂಜಿನನ್ನು ಒಣಗಿದ್ದಾಗ ಕೆಲವು ಸೆಕೆಂಡು ಓಡಿಸಿದರೂ ತಂಪು ಮಾಡುವ ನೀರನ್ನು ಎಳೆಯುವ ಇಂಪೆಲ್ಲರಿನ ರಬ್ಬರ್ ರೆಕ್ಕೆ ಸುಡುತ್ತದೆ. ದಡದಲ್ಲಿ ಓಡಿಸುವುದಾದರೆ ಡ್ರಮ್ಮಿನಲ್ಲಿ ನೀರು ಫ್ಯಾನಿನ ಮೇಲಿನ ತಟ್ಟೆ ಮುಳುಗುವಷ್ಟಿರಲಿ. ಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೇ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಬರದಿದ್ದರೆ ತಂತಿ ಹಾಕಿ ತೂತು ಬಿಡಿಸಿ, ಆಗಲೂ ಬರದಿದ್ದರೆ ಎಂಜಿನ್ ನಿಲ್ಲಿಸಿ. ನೀರು ಬರುತ್ತಿದೆ ಎಂದಮಾತ್ರಕ್ಕೆ ಒಳಗೆಲ್ಲ ತಂಪಾಗುತ್ತಿದೆ ಎಂದಲ್ಲ, ಬ್ಲಾಕಿನ ದಾರಿಗಳಲ್ಲಿ ಉಪ್ಪು ಕಟ್ಟಿರಬಹುದು. ಹತ್ತು ನಿಮಿಷ ಓಡಿದ ಮೇಲೆ ಹೆಡ್ ಮೇಲೆ ಒಂದು ಹನಿ ನೀರು ಹಾಕಿ. ಚುಂಯ್ ಎಂದು ಹಾರಿಹೋದರೆ ಎಂಜಿನ್ ಬೇಯುತ್ತಿದೆ.

ಸೀಮೆಎಣ್ಣೆ ಎಂಜಿನಿಗೆ ಒಂದು ಶಿಸ್ತಿದೆ: ಸ್ಟಾರ್ಟ್ ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಓಟ ಸೀಮೆಎಣ್ಣೆಯಲ್ಲಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬ್ಯುರೇಟರಿನಲ್ಲಿದ್ದ ಸೀಮೆಎಣ್ಣೆ ಉರಿದು ಹೋಗುವ ತನಕ ಓಡಿಸುವುದು. ಮಾರುವವರು ನಿಮ್ಮೆದುರು ಎಂಜಿನ್ ನಿಲ್ಲಿಸುವಾಗ ಏನೂ ಹೇಳದೆ ಸುಮ್ಮನೆ ನೋಡಿ. ನೇರ ಸೀಮೆಎಣ್ಣೆಯಲ್ಲೇ ಬಂದ್ ಮಾಡಿದರೆ ಎಂಟು ವರ್ಷ ಹೇಗೆ ಸಾಕಿದ್ದಾರೆಂದು ಗೊತ್ತಾಯಿತು. ಹಾಗೆ ನಿಂತ ಎಂಜಿನಿನಲ್ಲಿ ಸೀಮೆಎಣ್ಣೆ ಒಳಗೇ ಉಳಿದು ಆಯಿಲಿನ ಪದರವನ್ನು ತೊಳೆದು ಹಾಕುತ್ತದೆ.

ಎಣ್ಣೆಯ ಪೈಪು ಬಗ್ಗಿಸಿದಾಗ ಬಿರಿದರೆ ಬದಲಿಸಬೇಕು. ಕೈಪಂಪಿನ ರಬ್ಬರ್ ಗುಂಡು ಒತ್ತಿದ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ಓಡುವಾಗ ಅದು ಒಳಕ್ಕೆ ಕುಗ್ಗಿದರೆ ಟ್ಯಾಂಕಿನ ಕಡೆ ಅಡ್ಡಿ ಇದೆ. ಕಾರ್ಬ್ಯುರೇಟರಿನ ತಳದ ಸ್ಕ್ರೂ ಬಿಚ್ಚಿ ಗಾಜಿನ ಲೋಟದಲ್ಲಿ ಹಿಡಿದರೆ ನೀರು, ತುಕ್ಕು ಎರಡೂ ಕಾಣುತ್ತವೆ. ಪೂರ್ತಿ ಪೆಟ್ರೋಲಿಗೆ ಬದಲಿಸಿದ ಎಂಜಿನಾದರೆ ಇನ್ನೂ ಎಚ್ಚರ ಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ತೇವ ಎಳೆದುಕೊಂಡು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಹಳೆಯ ರಬ್ಬರನ್ನೂ ತಿನ್ನುತ್ತದೆ.

ಕಡಲಿನಲ್ಲಿ

ಖಾಲಿ ದೋಣಿಯಲ್ಲಿ ಹೊಳೆಯೊಳಗೆ ಒಂದು ಸುತ್ತು ಹೊಡೆದು ಬರುವುದು ಪರೀಕ್ಷೆಯಲ್ಲ. ಬಲೆ, ಐಸ್, ಮೀನು, ಜನ ಎಲ್ಲ ಸೇರಿದ ಭಾರಕ್ಕೆ ಸಮನಾಗಿ ಮರಳಿನ ಚೀಲ ಹಾಕಿಕೊಂಡು ಕನಿಷ್ಠ ಒಂದು ಗಂಟೆ ಹೋಗಿ. ಹೊರಡುವ ಮುಂಚೆ ದೋಣಿಯ ತಳವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ.

ತಣ್ಣಗಿದ್ದಾಗ ಚೋಕ್ ಹಾಕಿ ಮೂರು ನಾಲ್ಕು ಎಳೆತ ಆದರೂ ಪರವಾಗಿಲ್ಲ, ಬಿಸಿಯಾದ ಮೇಲೆ ಒಂದೆರಡಕ್ಕೆ ಏಳಬೇಕು. ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಬಿಡಿ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಮೆಕ್ಯಾನಿಕ್ ಹತ್ತಿರ ಇದ್ದರೆ ಒಳ್ಳೆಯದು. ಬಂದ ಅಂಕಿ ಆ ಮಾಡೆಲಿಗೆ ಕಂಪನಿ ಹೇಳಿದ ಮಿತಿಯೊಳಗಿರಬೇಕು. ಕಡಿಮೆ ಬಂದರೆ ಎಂಜಿನಿನಲ್ಲಿ ಬಲವಿಲ್ಲ, ಇಲ್ಲವೇ ಫ್ಯಾನಿನ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ಅಳತೆ) ದೊಡ್ಡದು. ಮೀಟರಿಲ್ಲದಿದ್ದರೆ ಮೊಬೈಲಿನ ಜಿಪಿಎಸ್‌ನಲ್ಲಿ ಹೋಗುವಾಗಿನ, ಬರುವಾಗಿನ ವೇಗ ಎರಡನ್ನೂ ನೋಡಿ ಸರಾಸರಿ ತೆಗೆಯಿರಿ, ಒಂದೇ ದಿಕ್ಕಿನ ಅಂಕಿಯಲ್ಲಿ ನೀರಿನ ಸೆಳೆತವೂ ಸೇರಿರುತ್ತದೆ. ಪೂರ್ತಿ ಭಾರದಲ್ಲಿ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ ಒಳಗಿನ ಕ್ಲಚ್ಚಿನ ಹಲ್ಲು ದುಂಡಗಾಗಿದೆ. ಡ್ರಮ್ಮಿನಲ್ಲಿ ಇದು ಕಾಣುವುದಿಲ್ಲ.

ಆಮೇಲೆ ಹದಿನೈದು ನಿಮಿಷ ಬಲೆ ಬಿಡುವಾಗಿನ ನಿಧಾನದಲ್ಲಿ ಓಡಿಸಿ, ಒಮ್ಮೆಗೇ ಆಕ್ಸಿಲರೇಟರ್ ಕೊಡಿ. ನಿಮ್ಮ ಕೆಲಸದ ಅರ್ಧ ಹೊತ್ತು ಈ ನಿಧಾನದಲ್ಲೇ ಕಳೆಯುವುದು. ತಡವರಿಸಿ ಬಂದಾದರೆ ಪ್ಲಗ್ ಮಸಿ ಹಿಡಿಯುತ್ತಿದೆ. ಅಲೆ ಬೆನ್ನಿಗಿರುವಾಗ ಅಳಿವೆಯಲ್ಲಿ ಹೀಗಾಗುವುದನ್ನು ನೀವೇ ಊಹಿಸಿಕೊಳ್ಳಿ. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ರಿವರ್ಸ್ ಹಾಕಿ, ಕಿಲ್ ಸ್ವಿಚ್ಚಿನ ದಾರ ಎಳೆದು ಎಂಜಿನ್ ನಿಲ್ಲುತ್ತದೆಯೇ ನೋಡಿ. ಎಣ್ಣೆಯ ಖರ್ಚನ್ನೂ ಅಳೆಯಿರಿ. ಟ್ಯಾಂಕಿಗೆ ಗುರುತು ಹಾಕಿ, ಇಪ್ಪತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿ, ಗುರುತಿನ ತನಕ ಅಳತೆ ಡಬ್ಬಿಯಿಂದ ಮತ್ತೆ ತುಂಬಿ, ಮೂರರಿಂದ ಗುಣಿಸಿದರೆ ಗಂಟೆಯ ಲೆಕ್ಕ ಸಿಕ್ಕಿತು. ಈ ಗಾತ್ರದ ಎರಡು ಸ್ಟ್ರೋಕ್ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಐದು ಲೀಟರಿನ ಆಸುಪಾಸು ಕುಡಿಯುತ್ತದೆ. ಏಳೆಂಟು ಲೀಟರ್ ಕುಡಿದರೆ ನಿಮ್ಮ ದಿನದ ಮೀನಿನ ದುಡ್ಡು ಟ್ಯಾಂಕಿಗೇ ಹೋಗುತ್ತದೆ.

ದಡಕ್ಕೆ ಬಂದ ಕೂಡಲೇ ತಳದಲ್ಲಿ ನೀರೆಷ್ಟು, ಗೋಡೆಯ ಮೂಲೆಯಲ್ಲಿ ಬಣ್ಣ ಹೊಸದಾಗಿ ಒಡೆದಿದೆಯೇ, ಎಂಜಿನಿನ ಬೋಲ್ಟ್ ಸಡಿಲವಾಗಿದೆಯೇ, ಫ್ಯಾನಿನ ಗೆರೆ ಸರಿದಿದೆಯೇ ನೋಡಿ. ಗೇರಿನ ಕೆಳಸ್ಕ್ರೂವನ್ನು ಮರೆಯಬೇಡಿ.

ಕಾಗದ

ಮೂತಿಯ ಮೇಲೆ ಬರೆದ ನೋಂದಣಿ ಸಂಖ್ಯೆ, ಐಎನ್‌ಡಿ ಕೆಎ ಎಂದು ಶುರುವಾಗಿ ನಡುವೆ ಎಂಒ ಬರುವಂಥದ್ದು, ನೋಂದಣಿ ಪತ್ರದಲ್ಲಿರುವುದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಎಂಒ ಎಂದರೆ ಮೋಟಾರು ಅಳವಡಿಸಿದ ದೋಣಿ. ಪತ್ರದಲ್ಲಿರುವ ಉದ್ದ, ಅಗಲವನ್ನು ಟೇಪ್ ಹಿಡಿದು ತಾಳೆ ನೋಡಿ. ಒಂದು ದೋಣಿಯ ಸಂಖ್ಯೆ ಇನ್ನೊಂದರ ಮೇಲೆ ಹೋಗಿ ಕೂತಿರುವುದು ಅಳತೆಯಲ್ಲಿ ಸಿಕ್ಕಿಬೀಳುತ್ತದೆ. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಪಡೆದ ಲೈಸೆನ್ಸ್, ಎಂಜಿನಿನ ಬಿಲ್, ಸೀಮೆಎಣ್ಣೆಯ ರಹದಾರಿ, ಈ ಮೂರೂ ಬೇಕು. ರಹದಾರಿ ನಿಮ್ಮ ಹೆಸರಿಗೆ ತಾನಾಗಿ ಬರುವುದಿಲ್ಲ. ಹಣ ಕೊಡುವ ಮುಂಚೆ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೂರು ಮಾತು ಕೇಳಿ: ಈ ದೋಣಿಯ ಮೇಲೆ ಬ್ಯಾಂಕ್ ಅಥವಾ ಸಹಕಾರಿ ಸಂಘದ ಸಾಲವಿದೆಯೇ, ಸಹಾಯಧನದಲ್ಲಿ ಕೊಂಡದ್ದಾಗಿದ್ದರೆ ಇಂತಿಷ್ಟು ವರ್ಷ ಮಾರುವಂತಿಲ್ಲ ಎಂಬ ಷರತ್ತಿದೆಯೇ, ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನಿಗೆ ಹೋಗುವವರಿಗೆಂದು 2023ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದ 50,000 ರೂಪಾಯಿಯ ನೆರವನ್ನು ಈ ದೋಣಿಯ ಹೆಸರಿನಲ್ಲಿ ಆಗಲೇ ಪಡೆದಿದ್ದಾರೆಯೇ. ಸೀಮೆಎಣ್ಣೆ ಎಂಜಿನ್‌ಗಳ ದಿನ ಕಡಿಮೆಯಾಗುತ್ತಿರುವುದರಿಂದ ಈ ಎಂಜಿನಿಗೆ ಬೆಲೆ ಕಟ್ಟುವಾಗ ಕೈ ಬಿಗಿಯಿರಲಿ.

ಚೌಕಾಸಿಗೆ ಕೂತಾಗ ಬರೆದಿಟ್ಟ ಚೀಟಿ ಎದುರಿಗಿಡಿ. ಇಂಪೆಲ್ಲರ್, ಪ್ಲಗ್, ಗೇರ್ ಆಯಿಲ್, ಎಣ್ಣೆಯ ಪೈಪು, ಝಿಂಕ್ ಇಷ್ಟನ್ನು ಯಾವ ಹಳೆಯ ಎಂಜಿನ್ ಕೊಂಡರೂ ಮೊದಲ ವಾರವೇ ಬದಲಿಸಬೇಕು. ಇವುಗಳ ಹೆಸರಿನಲ್ಲಿ ಜಗಳ ಬೇಡ, ನಿಮ್ಮ ಲೆಕ್ಕಕ್ಕೇ ಹಾಕಿಕೊಳ್ಳಿ. ಗೇರಿನ ಸೀಲ್, ಬೋರ್, ಕೀಲಿನ ರಿಪೇರಿ ಬಂದರೆ ಅದರ ಪೂರ್ತಿ ಖರ್ಚು ರೇಟಿನಿಂದ ಇಳಿಯಬೇಕು. ಹಿಂದಿನ ಗೋಡೆ ಕೊಳೆತಿದ್ದರೆ ಎಂಜಿನ್ ಮತ್ತು ಬಲೆಗಷ್ಟೇ ಬೆಲೆ ಹೇಳಿ, ಒಡಲಿಗೆ ಬೆಲೆ ಹೇಳಬೇಡಿ. ಮುಂಗಡ ಕೊಡುವುದಾದರೆ ಎಂಜಿನ್ ನಂಬರ್, ನೋಂದಣಿ ಸಂಖ್ಯೆ ಎರಡನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬಾಕಿ ಹಣ ವರ್ಗಾವಣೆಯ ಅರ್ಜಿಗೆ ಅವರು ಸಹಿ ಹಾಕಿದ ದಿನ.